ಹುಡುಗಿಯರ ಕಬಡ್ಡಿಗೆ ಹುಡುಗಿಯರ ಅಂಕಣವನ್ನೇ ಹಾಕಿ

ಹಾಂಗ್‌ಝೌ ಏಷ್ಯನ್ ಗೇಮ್ಸ್ ಮಹಿಳಾ ಕಬಡ್ಡಿ ಫೈನಲ್‌ನ ಸ್ಕೋರನ್ನು ಇನ್ನೊಮ್ಮೆ ನೋಡಿ. 2023ರ ಅಕ್ಟೋಬರ್ 7, ಎದುರಿಗೆ ಚೈನೀಸ್ ತೈಪೆ. ಅರ್ಧ ಆಟ ಮುಗಿದಾಗ ನಮ್ಮವರು 14-9ರಿಂದ ಮುಂದಿದ್ದರು, ಕೊನೆಗೆ ಗೆದ್ದಿದ್ದು 26-25ಕ್ಕೆ. ಎರಡನೇ ಅವಧಿಯನ್ನಷ್ಟೇ ಲೆಕ್ಕ ಹಾಕಿದರೆ ನಮಗೆ 12, ಅವರಿಗೆ 16. ಲೀಗ್ ಹಂತದಲ್ಲೂ ಇದೇ ತಂಡದ ಜೊತೆ 34-34 ಟೈ. 2018ರಲ್ಲಿ ಜಕಾರ್ತದಲ್ಲಂತೂ ಇರಾನ್ 27-24ರಿಂದ ಚಿನ್ನವನ್ನೇ ಕಿತ್ತುಕೊಂಡಿತ್ತು. ಆ ಇರಾನ್ ತಂಡವನ್ನು ಪಳಗಿಸಿದ್ದು ನಾಸಿಕ್‌ನ ಶೈಲಜಾ ಜೈನ್. ನಮ್ಮ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಆಡಿ ಚಿನ್ನ ತಂದ 2010, 2014ರ ಕಾಲ ಈಗಿಲ್ಲ. ಪಂದ್ಯ ಒಂದು ಪಾಯಿಂಟಿಗೆ ಬಂದು ನಿಂತಿದೆ. ಇಂಥ ಹೊತ್ತಲ್ಲಿ ಬೆಂಗಳೂರಿನಲ್ಲಿ ಹುಡುಗಿಯರನ್ನು ಪುರುಷರ ಗೆರೆಗಳ ಮೇಲೆ ಅಭ್ಯಾಸಕ್ಕೆ ಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪುರುಷರ ಅಂಕಣ 13 × 10 ಮೀಟರ್, ಮಹಿಳೆಯರದ್ದು 12 × 8. ಸಣ್ಣ ವ್ಯತ್ಯಾಸ ಅನ್ನಿಸಬಹುದು, ಆದರೆ ಗೆರೆಗಳನ್ನು ನೋಡಿ. ನಡುಗೆರೆ ಅಂದರೆ ಮಿಡ್ ಲೈನ್‌ನಿಂದ ಬಾಕ್ ಲೈನ್ (ದಾಳಿಗೆ ಹೋದ ರೈಡರ್ ದಾಟಬೇಕಾದ ಗೆರೆ) ಪುರುಷರಿಗೆ 3.75 ಮೀಟರ್, ಮಹಿಳೆಯರಿಗೆ 3. ಹೆಚ್ಚುವರಿ ಪಾಯಿಂಟ್ ಕೊಡುವ ಬೋನಸ್ ಗೆರೆ ಅವರಿಗೆ 4.75, ಇವರಿಗೆ 4. ಮುಕ್ಕಾಲು ಮೀಟರ್ ಅಂದರೆ ರೈಡರ್‌ಗೆ ಹೆಚ್ಚುಕಡಿಮೆ ಒಂದು ಹೆಜ್ಜೆ. ದೊಡ್ಡ ಅಂಕಣದಲ್ಲಿ ಕಲಿತವಳು ಪಂದ್ಯದಲ್ಲಿ ಬೇಡದ ಒಂದು ಹೆಜ್ಜೆ ಒಳಗೆ ಹೋಗುತ್ತಾಳೆ, ಕಾರ್ನರ್ (ಅಂಚಿನಲ್ಲಿ ನಿಲ್ಲುವ ಡಿಫೆಂಡರ್) ಕೈಗೆ ಕಾಲು ಕೊಟ್ಟು ಬರುತ್ತಾಳೆ.

ಡಿಫೆನ್ಸ್‌ನಲ್ಲಿ ಇದು ಇನ್ನೂ ಕೆಟ್ಟದು. ಬಾಕ್ ಲೈನ್ ಹತ್ತಿರ ರೈಡರ್‌ನ ಆ್ಯಂಕಲ್ ಸಿಕ್ಕಿತು ಅನ್ನಿ. ಆಕೆ ಕೈ ಚಾಚಿ ಮಿಡ್ ಲೈನ್ ಕಡೆ ಬೀಳುತ್ತಾಳೆ. ಪಾದದಿಂದ ಬೆರಳ ತುದಿಯವರೆಗೆ ಸುಮಾರು 2 ಮೀಟರ್ ಅಂದುಕೊಂಡರೆ, ಪುರುಷರ ಅಂಕಣದಲ್ಲಿ ಇನ್ನೂ 1.75 ಮೀಟರ್ ತೆವಳಬೇಕು, ಮಹಿಳೆಯರದ್ದರಲ್ಲಿ ಒಂದೇ ಒಂದು ಮೀಟರ್. ಅಭ್ಯಾಸದಲ್ಲಿ ಒಬ್ಬಳೇ ಹಿಡಿದು ನಿಲ್ಲಿಸಿದ ಕ್ಯಾಚ್ ಪಂದ್ಯದಲ್ಲಿ ಜಾರುತ್ತದೆ, ಮೈಮೇಲೆ ಬಿದ್ದವರೆಲ್ಲ ಔಟ್. ಹಾಗಾಗಿ ಕಾರ್ನರ್ ಕಾಲಿಗೆ ಬಿದ್ದ ಕ್ಷಣವೇ ಕವರ್ (ಒಳಗಡೆ ನಿಲ್ಲುವ ಡಿಫೆಂಡರ್) ಬರಬೇಕು. ಅದೂ ರೈಡರ್‌ನ ಬೆನ್ನ ಹಿಂದಿನಿಂದಲ್ಲ, ಮಿಡ್ ಲೈನ್ ಇರುವ ಕಡೆಯಿಂದ ಎದೆಗೆ ಅಡ್ಡ. ಈ ಟೈಮಿಂಗ್ ಬರಬೇಕಾದರೆ ಸರಿಯಾದ ಅಂಕಣದಲ್ಲೇ ಸಾವಿರ ಸಲ ಮಾಡಬೇಕು.

ಲಾಬಿ, ಅಂದರೆ ಅಂಕಣದ ಎರಡೂ ಪಕ್ಕದ ಪಟ್ಟಿಯದ್ದೂ ಇದೇ ಕಥೆ. ಎರಡೂ ಕಡೆ ಒಂದೊಂದು ಮೀಟರ್ ಲಾಬಿ ಬಿಟ್ಟರೆ ಪುರುಷರಿಗೆ ಒಳಗೆ 8 ಮೀಟರ್ ಅಗಲ, ಮಹಿಳೆಯರಿಗೆ 6. ಟಚ್ ಆಗದೆ ಲಾಬಿಗೆ ಕಾಲಿಟ್ಟರೆ ಔಟ್. ಅಗಲದ ಅಂದಾಜು ತಪ್ಪಿದ ರೈಡರ್ ಯಾರೂ ಮುಟ್ಟದೆಯೇ ಪಾಯಿಂಟ್ ಕೊಟ್ಟು ಬರುತ್ತಾಳೆ.

ಇದಕ್ಕೆ ಹೊಸ ಮ್ಯಾಟ್ ಬೇಡ, ಟೇಪ್ ಸಾಕು. ಇರುವ ಮ್ಯಾಟ್‌ನ ಮಿಡ್ ಲೈನ್ ಹಾಗೇ ಇರಲಿ. ಅಲ್ಲಿಂದ ಎರಡೂ ಕಡೆ 3, 4, 6 ಮೀಟರಿಗೆ ಅಡ್ಡಗೆರೆ ಎಳೆಯಿರಿ. ಪುರುಷರ ಲಾಬಿ ಗೆರೆಯೇ ಮಹಿಳೆಯರ ಹೊರಗೆರೆ ಆಗುತ್ತದೆ. ಅದರಿಂದ ಒಂದು ಮೀಟರ್ ಒಳಗೆ ಮಹಿಳೆಯರ ಲಾಬಿ ಗೆರೆ. ಎಲ್ಲ ಸೇರಿ ಸುಮಾರು 70 ಮೀಟರ್ ಟೇಪ್. ಎಡವಟ್ಟಾಗುವುದು ಒಂದೇ ಕಡೆ: ಮಹಿಳೆಯರ ಬೋನಸ್ ಗೆರೆ ಪುರುಷರ ಬಾಕ್ ಲೈನ್‌ನಿಂದ ಬರೀ 25 ಸೆಂಟಿಮೀಟರ್ ದೂರ. ಬಣ್ಣ ಒಂದೇ ಆದರೆ ರೈಡರ್‌ಗೆ ಗೊಂದಲ ಖಚಿತ. ಹಳದಿ ಟೇಪ್ ತನ್ನಿ. ಅಂಟಿಸುವ ಮೊದಲು ಬೆವರು, ಧೂಳು ಒರೆಸಿ ಮ್ಯಾಟ್ ಪೂರ್ತಿ ಒಣಗಲು ಬಿಡಿ. ಇಲ್ಲದಿದ್ದರೆ ಮ್ಯಾಟ್‌ಗಳು ಕೂಡುವ ಸಂದಿಯಲ್ಲಿ ಟೇಪ್ ಏಳುತ್ತದೆ, ಎದ್ದ ಅಂಚಿಗೆ ಶೂ ಸಿಕ್ಕಿದರೆ ಮಂಡಿ ತಿರುಚುತ್ತದೆ. ಮಣ್ಣಿನ ಅಂಕಣವಾದರೆ ಇಷ್ಟೂ ಇಲ್ಲ, ಒಂದು ಬುಟ್ಟಿ ಸುಣ್ಣದ ಪುಡಿಯ ಕೆಲಸ.

ಬಡಾವಣೆಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಮಾಡುವವರಿಗೂ ಇದನ್ನೇ ಕೇಳುವುದು. ಮಹಿಳೆಯರ ಪಂದ್ಯ ಇಟ್ಟಿದ್ದೀರಿ, ಸಂತೋಷ. ಆ ಪಂದ್ಯ ಶುರುವಾಗುವ ಮೊದಲು ಹಳದಿ ಗೆರೆಯನ್ನೂ ಹಾಕಿಸಿ. ಟೇಪ್ ಹಿಡಿಯಲು ಒಬ್ಬರು, ಅಳತೆ ಹಿಡಿಯಲು ಒಬ್ಬರು ಇದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ.