ಬಳಚು ತಿನ್ನಬೇಡಿ ಅನ್ನುವವರಿಗೆ

ಚಿಪ್ಪುಮೀನಿನಲ್ಲಿ ಮೈಕ್ರೋಪ್ಲಾಸ್ಟಿಕ್ ಇದೆ ಎಂಬ ಸುದ್ದಿ ಆಗಾಗ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದರ ಬೆನ್ನಿಗೇ "ಇನ್ನು ಬಳಚು, ಮರುವಾಯಿ, ಕಲ್ವಾ ಎಲ್ಲ ಬಿಟ್ಟುಬಿಡಿ" ಎಂಬ ಬುದ್ಧಿಮಾತು. ಬಳಚು, ಮರುವಾಯಿ ಅಂದರೆ ಕೆಸರು, ಮರಳಿನಲ್ಲಿ ಸಿಗುವ ಎರಡು ಚಿಪ್ಪಿನ ಜೀವಿಗಳು, ಕಲ್ವಾ ಅಂದರೆ ಆಯ್ಸ್ಟರ್. ಸುದ್ದಿ ನಿಜ. ಆ ಬುದ್ಧಿಮಾತು ಕೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

5 ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರಿಗೆಲ್ಲ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ಅದು ಬಳಚಿನೊಳಗೆ ಹೇಗೆ ಹೋಗುತ್ತದೆ ಅಂತ ತಿಳಿಯಬೇಕಾದರೆ ಜೀವ ಇರುವ ಬಳಚನ್ನು ಬೋಗುಣಿಯಲ್ಲಿ ಸಮುದ್ರದ ನೀರು ಹಾಕಿ ಬಿಡಿ, ಅಲುಗಾಡಿಸಬೇಡಿ. ಸ್ವಲ್ಪ ಹೊತ್ತಿಗೆ ಚಿಪ್ಪು ಸಣ್ಣಗೆ ಬಾಯಿ ಬಿಡುತ್ತದೆ, ಎರಡು ಪುಟ್ಟ ಕೊಳವೆಗಳು ಹೊರಗೆ ಇಣುಕುತ್ತವೆ. ಒಂದರಲ್ಲಿ ನೀರು ಒಳಗೆ, ಇನ್ನೊಂದರಲ್ಲಿ ಹೊರಗೆ. ಅದರ ಕಿವಿರು ಉಸಿರಾಟಕ್ಕೂ ಹೌದು, ಊಟ ಸೋಸುವುದಕ್ಕೂ ಹೌದು. ಬೇಡದ ಕಣಗಳನ್ನು ಲೋಳೆಯಲ್ಲಿ ಸುತ್ತಿ ಹೊರಗೆ ಹಾಕುವ ಜಾಣತನವೂ ಅದಕ್ಕಿದೆ. ಆದರೆ ಅದು ತಿನ್ನುವ ಪಾಚಿಯಷ್ಟೇ ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿನ ಜೊತೆ ಬಂದಾಗ ಎಲ್ಲವನ್ನೂ ಬೇರೆ ಮಾಡಲು ಆಗುವುದಿಲ್ಲ. ಕೆಲವು ಹೊಟ್ಟೆಗೆ ಹೋಗುತ್ತವೆ. ಬಂಗುಡೆಯಾದರೆ ಹೊಟ್ಟೆ ಸೀಳಿ ಕರುಳು ತೆಗೆದು ಬಿಸಾಡುತ್ತೇವೆ. ಬಳಚನ್ನು ಹೊಟ್ಟೆ ಸಮೇತ ತಿನ್ನುತ್ತೇವೆ. ಅದಕ್ಕೇ ಎಲ್ಲರೂ ಚಿಪ್ಪಿನ ಹಿಂದೆ ಬಿದ್ದಿದ್ದಾರೆ.

ಊರು, ಕಾರ್ಖಾನೆ ದೂರ ಇದ್ದರೆ ಕಡಲು ಚೊಕ್ಕಟ ಇರುತ್ತದೆ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ ಅಲ್ವಾ? ಅಮೆರಿಕದ ಒರೆಗಾನ್ ಕರಾವಳಿಯಲ್ಲಿ ಜನವಸತಿ ಕಡಿಮೆ, ಬರೀ ಬಂಡೆ, ಕಾಡು, ಸಣ್ಣ ಊರುಗಳು. ಅಲ್ಲಿನ ಕಲ್ವಾ ಮತ್ತು ಮರಳಿನಲ್ಲಿ ಹುದುಗಿರುವ ರೇಜರ್ ಕ್ಲಾಮ್ ಎಂಬ ಚಿಪ್ಪನ್ನು ಪರೀಕ್ಷೆ ಮಾಡಿದ ವರದಿ 2019ರಲ್ಲಿ ಬಂತು. ಮಾಂಸವನ್ನು ಕ್ಷಾರದಲ್ಲಿ ಕರಗಿಸಿ, ಉಳಿದದ್ದನ್ನು ಸೋಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಎಳೆ ಎಣಿಸುವ ಕೆಲಸ ಅದು. ಸುಮಾರು 300 ಚಿಪ್ಪುಗಳಲ್ಲಿ 2 ಬಿಟ್ಟು ಉಳಿದ ಎಲ್ಲದರಲ್ಲೂ ಮೈಕ್ರೋಪ್ಲಾಸ್ಟಿಕ್ ಸಿಕ್ಕಿತು. ಒಂದು ಕಲ್ವಾದಲ್ಲಿ ಸರಾಸರಿ 11 ಚೂರು, ಕ್ಲಾಮ್‌ನಲ್ಲಿ 9. ಸಿಕ್ಕಿದ್ದರಲ್ಲಿ 100ಕ್ಕೆ 99 ಪಾಲು ನಾರಿನ ಎಳೆಗಳು.

ಈ ಎಳೆ ಎಲ್ಲಿಂದ ಬರುತ್ತದೆ? ನಾವು ಹಾಕಿಕೊಳ್ಳುವ ಪಾಲಿಯೆಸ್ಟರ್, ಅಕ್ರಿಲಿಕ್ ಬಟ್ಟೆಯಿಂದ, ಸವೆದ ನೈಲಾನ್ ಬಲೆ, ಹಗ್ಗದಿಂದ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದ್ದರು, 6 ಕಿಲೋ ಅಕ್ರಿಲಿಕ್ ಬಟ್ಟೆ ಒಂದು ಸಲ ಮೆಷಿನ್‌ಗೆ ಹಾಕಿ ಒಗೆದರೆ 7 ಲಕ್ಷಕ್ಕೂ ಜಾಸ್ತಿ ಎಳೆ ನೀರಿಗೆ ಬೀಳಬಹುದು ಅಂತ. ನಮ್ಮಲ್ಲಿ ಬಟ್ಟೆ ಒಗೆದ ನೀರು ಚರಂಡಿಗೆ, ಚರಂಡಿ ಹಳ್ಳಕ್ಕೆ, ಹಳ್ಳ ಹೊಳೆಗೆ, ಹೊಳೆ ಕಡಲು ಸೇರುವ ಅಳಿವೆಗೆ.

ಈಗ ನಮ್ಮ ಅಘನಾಶಿನಿಗೆ ಬನ್ನಿ. ಶಿರಸಿಯಲ್ಲಿ ಹುಟ್ಟಿ ಕುಮಟಾ ಹತ್ತಿರ ಕಡಲು ಸೇರುವ ಈ ಹೊಳೆಗೆ ಅಣೆಕಟ್ಟು ಇಲ್ಲ. ಅಳಿವೆಯ ದಂಡೆಯಲ್ಲಿ ದೊಡ್ಡ ಕಾರ್ಖಾನೆಯೂ ಇಲ್ಲ. ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ತರುತ್ತೇವೆ ಅಂದಾಗ ಜನ ಎದ್ದು ನಿಂತರು. ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಭತ್ತ, ಬಳಚು ಎಲ್ಲ ಇನ್ನೂ ಉಳಿದಿರುವುದರಿಂದಲೇ ಈ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೂ ಸೇರಿತು. ಇಳಿತದ ಹೊತ್ತಿಗೆ ಅಲ್ಲಿ ಹೋಗಿ ನೋಡಿ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ ಹೆಂಗಸರು ಕೆಸರಿನಲ್ಲಿ ಬಗ್ಗಿ ಕೈಯಾಡಿಸುತ್ತಾ ಬಳಚು ಹೆಕ್ಕುತ್ತಿರುತ್ತಾರೆ. ನೀರು ಏರುವುದರೊಳಗೆ ಬುಟ್ಟಿ ತುಂಬಬೇಕು. ಮನೆಗೆ ಸುಕ್ಕ (ಒಣ ಪಲ್ಯ) ಆಗುವಷ್ಟು ಇಟ್ಟುಕೊಂಡು ಉಳಿದದ್ದು ಪೇಟೆಗೆ. ಸಾಲ ಬೇಡ, ದೋಣಿ ಬೇಡ, ಡೀಸೆಲ್ ಬೇಡ, ಕೈಯಲ್ಲಿ ಶಕ್ತಿ ಇರುವವರೆಗೆ ಯಾರ ಹಂಗೂ ಇಲ್ಲದೆ ದುಡಿಯಬಹುದಾದ ಕೆಲಸ ಇದು.

"ಬಳಚು ತಿನ್ನಬೇಡಿ" ಎಂಬ ಒಂದು ಮೆಸೇಜು ಹೊಡೆಯುವುದು ಇವರ ಹೊಟ್ಟೆಗೇ. ಬೆಂಗಳೂರಲ್ಲಿ ಕೂತು ಫಾರ್ವರ್ಡ್ ಮಾಡುವವರಿಗೆ ಅದು ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ಆ ಮೆಸೇಜುಗಳಲ್ಲಿ ಯಾವತ್ತೂ ಇರುವುದಿಲ್ಲ. ಸ್ಕಾಟ್ಲೆಂಡಿನ ಪಚ್ಚಿಲೆ (ಮಸಲ್) ಜಾತಿಯ ಚಿಪ್ಪುಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂತು. ಬ್ರಿಟನ್ನಿನ ಒಬ್ಬ ಮನುಷ್ಯ ಆ ಚಿಪ್ಪು ತಿಂದು ವರ್ಷಕ್ಕೆ ನುಂಗುವ ಪ್ಲಾಸ್ಟಿಕ್ ಕಣ ಸುಮಾರು 123. ಅದೇ ಮನುಷ್ಯ ಮನೆಯಲ್ಲಿ ಊಟಕ್ಕೆ ಕೂತಾಗ ಗಾಳಿಯ ಧೂಳಿನಿಂದ ತಟ್ಟೆಗೆ ಬೀಳುವ ಎಳೆ ವರ್ಷಕ್ಕೆ 13,000ದಿಂದ 68,000! ಪರದೆ, ಸೋಫಾ, ಮೈಮೇಲಿನ ಬಟ್ಟೆ, ಇವುಗಳಿಂದ ಉದುರಿದ್ದು. ಹಾಗಂತ ಯಾರೂ ಊಟ ಬಿಡಿ ಅನ್ನಲಿಲ್ಲ. ಇಷ್ಟು ಕಣ ಹೊಟ್ಟೆಗೆ ಹೋದರೆ ಮನುಷ್ಯನಿಗೆ ಇಂಥದ್ದೇ ಕಾಯಿಲೆ ಅಂತ ಹೇಳುವ ಲೆಕ್ಕ ವಿಜ್ಞಾನದ ಕೈಗೆ ಇನ್ನೂ ಸಿಕ್ಕಿಲ್ಲ. ಅದಕ್ಕೆ ನಿಶ್ಚಿಂತೆಯಿಂದ ಇರಿ ಅಂತಲೂ ನಾನು ಹೇಳುತ್ತಿಲ್ಲ.

ನನಗೆ ಜಾಸ್ತಿ ಚಿಂತೆ ಬಳಚಿನದ್ದೇ. ಫ್ರಾನ್ಸಿನಲ್ಲಿ ಕಲ್ವಾಗಳನ್ನು 2 ತಿಂಗಳು ಪ್ಲಾಸ್ಟಿಕ್ ಕಣ ಬೆರೆಸಿದ ನೀರಿನಲ್ಲಿ ಇಟ್ಟು ನೋಡಿದರು. ಮೊಟ್ಟೆಗಳ ಸಂಖ್ಯೆ ಶೇಕಡಾ 38ರಷ್ಟು ಇಳಿಯಿತು, ಹುಟ್ಟಿದ ಮರಿಗಳೂ ಸರಿಯಾಗಿ ಬೆಳೆಯಲಿಲ್ಲ. ಅದು ಪ್ರಯೋಗಾಲಯದ ಮಾತು, ಅಲ್ಲಿ ಹಾಕಿದ ಪ್ರಮಾಣವೂ ಜಾಸ್ತಿ, ಒಪ್ಪುತ್ತೇನೆ. ಆದರೆ ಕಡಲಿಗೆ ಬೀಳುವ ಪ್ಲಾಸ್ಟಿಕ್ ಕಡಿಮೆಯಾಗುತ್ತಿದೆಯಾ? 2025ರ ಮೇನಲ್ಲಿ ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿ, ಅದರ ಕಂಟೇನರ್‌ನಲ್ಲಿದ್ದ ಬಿಳಿ ಪ್ಲಾಸ್ಟಿಕ್ ಗುಳಿಗೆಗಳು ತಿರುವನಂತಪುರದ ದಂಡೆಗಳಲ್ಲಿ ಬಂದು ಬಿದ್ದವು. ಜನ ಮರಳನ್ನು ಜರಡಿ ಹಿಡಿದು ಹೆಕ್ಕಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ದೇಶಗಳೆಲ್ಲ ಕೂತು ಪ್ಲಾಸ್ಟಿಕ್ ಒಪ್ಪಂದದ ಮಾತಾಡಿ, ಒಪ್ಪಂದ ಆಗದೆ ಎದ್ದುಹೋದವು.

ನನ್ನ ಬೇಡಿಕೆ ಒಂದೇ. ಅಮೆರಿಕದವರು 1986ರಿಂದ ಮಸಲ್ ವಾಚ್ ಎಂಬ ಕಾರ್ಯಕ್ರಮ ನಡೆಸುತ್ತಿದ್ದಾರೆ. ಗೊತ್ತುಮಾಡಿದ ಜಾಗಗಳಿಂದ ಚಿಪ್ಪು ತೆಗೆದು ಪರೀಕ್ಷಿಸಿ ಆ ಕಡಲ ನೀರಿನ ಸ್ಥಿತಿ ತಿಳಿಯುತ್ತಾರೆ. ಅಘನಾಶಿನಿ, ಶರಾವತಿ, ಕಾಳಿ ಅಳಿವೆಗಳಲ್ಲಿ ಬಳಚಿಗೆ ಇದನ್ನು ಮಾಡಬೇಕು. ಮಂಗಳೂರಲ್ಲಿ ಮೀನುಗಾರಿಕೆ ಕಾಲೇಜಿದೆ, ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಕಲಿಸುತ್ತಾರೆ, ಕಲಿತ ಹುಡುಗ ಹುಡುಗಿಯರಿದ್ದಾರೆ. ಮಳೆಗಾಲಕ್ಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ. ಹೆಕ್ಕುವ ಹೆಂಗಸರಿಂದಲೇ ದುಡ್ಡು ಕೊಟ್ಟು ಬಳಚು ತಗೊಳ್ಳಿ. ಬಂದ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಹಚ್ಚಿ, ಎಳೆ ಬಟ್ಟೆಯದ್ದೋ ಬಲೆಯದ್ದೋ ಅನ್ನುವುದೂ ಇರಲಿ. ಬಲೆಯದ್ದಾದರೆ ಹರಿದ ಬಲೆ ವಾಪಸ್ ತಗೊಳ್ಳುವ ಜಾಗ ಬಂದರಿನಲ್ಲೇ ಆಗಬೇಕು. ಬಟ್ಟೆಯದ್ದಾದರೆ ಊರಿನ ಚರಂಡಿ ನೀರು ಶುದ್ಧ ಮಾಡದೆ ಹೊಳೆಗೆ ಬಿಡುವುದು ನಿಲ್ಲಬೇಕು, ಶಿರಸಿಯಿಂದ ಕುಮಟಾವರೆಗೆ. ಕರಾವಳಿಯ ಗೆಳೆಯರೇ, ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.