ಪೆದ್ದ ಪತ್ತೇದಾರನ ಸಿನಿಮಾದಲ್ಲಿ ಸುಳಿವು ಎಲ್ಲಿರಬೇಕು?

ಪೆದ್ದ ಪತ್ತೇದಾರನ ಕಾಮಿಡಿ ಬರೆಯುವಾಗ ಮೊದಲು ಪಕ್ಕಾ ಆಗಬೇಕಾದ್ದು ಕಳ್ಳನ ಕೆಲಸ. ಗಾಂಧಿನಗರದಲ್ಲಿ ಇದು ಹೆಚ್ಚಾಗಿ ಹಿಂದುಮುಂದಾಗಿ ನಡೆಯುತ್ತದೆ. ಹೀರೋ ಯಾರು, ಜೊತೆಗಿರುವ ಕಾಮಿಡಿ ನಟ ಯಾರು, ಎಡವಿ ಬೀಳುವ ಸೀನ್ ಎಷ್ಟು ಅನ್ನುವುದೆಲ್ಲ ಗೊತ್ತಾದ ಮೇಲೆ ‘ಒಂದು ಮರ್ಡರ್ ಇಟ್ಕೊಳ್ಳೋಣ’ ಅನ್ನುತ್ತಾರೆ. ಹಾಗೆ ಹುಟ್ಟಿದ ಕಥೆ ಇಂಟರ್ವಲ್‌ವರೆಗೆ ನಗಿಸಿ, ಆಮೇಲೆ ನಗುವುದನ್ನೇ ಮರೆತು ಕೇಸು ಬಿಡಿಸಲು ಕೂರುತ್ತದೆ. ಕಾಮಿಡಿ ಟ್ರ್ಯಾಕ್ ಬೇರೆ, ಕಥೆ ಬೇರೆ ಎಂದು ಬರೆಯುವ ನಮ್ಮ ಹಳೇ ರೂಢಿ ಉಳಿದ ಸಿನಿಮಾಗಳಲ್ಲಿ ಹೇಗೋ ನಡೆದುಹೋಗುತ್ತದೆ. ಈ ಬಗೆಯ ಸಿನಿಮಾದಲ್ಲಿ ನಡೆಯುವುದಿಲ್ಲ. ಇಲ್ಲಿ ಸುಳಿವು ನಗುವಿನ ಒಳಗೇ ಇರಬೇಕು. ನಗುತ್ತಿರುವ ಪ್ರೇಕ್ಷಕ ಲೆಕ್ಕ ಹಾಕುವುದಿಲ್ಲ, ಕಣ್ಣೆದುರಿಗೆ ಇಟ್ಟರೂ ಸುಳಿವು ಅವನಿಗೆ ಸುಳಿವಾಗಿ ಕಾಣುವುದಿಲ್ಲ.

ಬೆಂಗಳೂರಿನದೇ ಒಂದು ಕೇಸು ಕಟ್ಟಿ ತೋರಿಸುತ್ತೇನೆ.

ಕಾರ್ತಿಕ ಮಾಸದ ಕಡೇ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಹಳೇ ಮನೆಯೊಂದರ ಬೀರುವಿನಿಂದ ಅಜ್ಜಿಯ ಕಾಸಿನ ಸರ ಕಳುವಾಗಿದೆ. ಮನೆಯವರೆಲ್ಲ ಸಂಜೆ 5 ಗಂಟೆಗೆ ದೊಡ್ಡ ಬಸವಣ್ಣನ ಗುಡಿಗೆ ಹೋದವರು 7ಕ್ಕೆ ವಾಪಸಾಗಿದ್ದಾರೆ. ಜಯನಗರದಲ್ಲಿರುವ ಅಳಿಯ ಹೇಳುವುದು ಹೀಗೆ: ‘ಆರೂವರೆಗೆ ಆಟೋದಲ್ಲಿ ಬಂದು ಗೇಟಿನ ಮುಂದೆ ಇಳಿದೆ. ಅಷ್ಟೊತ್ತಿಗಾಗಲೇ ಬಾಗಿಲು ತೆಗೆದಿತ್ತು.’ ನಿಜವಾಗಿ ಅವನು ಮಧ್ಯಾಹ್ನವೇ ಗವೀಪುರದ ಕಡೆಯಿಂದ, ಮನೆಯ ಹಿಂದಿನ ಕನ್ಸರ್ವೆನ್ಸಿ ಗಲ್ಲಿ ಹಿಡಿದು ಬಂದು ಉಗ್ರಾಣದಲ್ಲಿ ಕೂತಿದ್ದ. ಬೀರು ಮೀಟಿದ ಸದ್ದು ಪರಿಷೆಯ ಗದ್ದಲದಲ್ಲಿ ಮುಳುಗಿಹೋಯಿತು. ಮುಂದಿನ ರಸ್ತೆಯನ್ನು ಅವನು ಆ ದಿನ ನೋಡಿಯೇ ಇಲ್ಲ. ಹಾಗಾಗಿ ಪರಿಷೆಯ ಹೊತ್ತಿನಲ್ಲಿ ಅಲ್ಲಿ ವಾಹನ ಬಿಡುವುದಿಲ್ಲ ಅನ್ನುವುದು ಅವನ ತಲೆಗೆ ಹೊಳೆಯಲಿಲ್ಲ. ಅವನು ಸಿಕ್ಕಿಬೀಳುವುದು ಈ ಒಂದು ಎಳೆಯಿಂದ.

ಈಗ ಈ ಎಳೆಯನ್ನು ಪ್ರೇಕ್ಷಕನಿಗೆ ಯಾವಾಗ ಕೊಡಬೇಕು? ಪೊಲೀಸರ ಬಾಯಲ್ಲಿ ‘ರಸ್ತೆ ಬಂದ್ ಆಗಿತ್ತು’ ಅನ್ನಿಸಿದರೆ ಮುಂದಿನ ಸಾಲಿನ ಹುಡುಗ ಕೂಡ ಕೇಸು ಬಿಡಿಸುತ್ತಾನೆ. ಅದರ ಬದಲು ನಮ್ಮ ಪತ್ತೇದಾರನನ್ನು ಮೊದಲ ಬಾರಿ ತೆರೆಗೆ ತರುವಾಗಲೇ, ರಾಮಕೃಷ್ಣ ಆಶ್ರಮದ ಸರ್ಕಲ್‌ನಲ್ಲಿ ಆಟೋದವರ ಜೊತೆ ಜಗಳಕ್ಕೆ ಬಿಡಿ. ‘ಸಾರ್, ಮುಂದೆ ಬ್ಯಾರಿಕೇಡ್ ಹಾಕವ್ರೆ, ಇಲ್ಲೇ ಇಳ್ಕೊಳಿ.’ ‘ರೀ, ನಾನು ತನಿಖೆಗೆ ಹೋಗ್ತಿರೋನು!’ ‘ಆಯ್ತು ಸಾರ್, ಮೀಟರ್ ಮೇಲೆ ಐವತ್ತು ಕೊಟ್ಟು ತನಿಖೆ ಮಾಡಿ.’ ಕೋಟಿನ ಒಳಜೇಬು, ಹೊರಜೇಬು, ಟೋಪಿಯ ಮಡಿಕೆಯಲ್ಲೆಲ್ಲ ಚಿಲ್ಲರೆ ಹುಡುಕಿ, ಕೊನೆಗೆ ಭೂತಗನ್ನಡಿ ಹಿಡಿದು ಮೀಟರ್ ಓದುತ್ತಾನೆ. ಥಿಯೇಟರ್ ಈ ಜಗಳಕ್ಕೆ ನಗುತ್ತದೆ, ಬ್ಯಾರಿಕೇಡ್ ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲ. ಕೊನೆಯಲ್ಲಿ ಅವನು ತಪ್ಪು ಮನುಷ್ಯನ ಕಡೆ ಬೆರಳು ತೋರಿಸಿ ಭಾಷಣ ಮಾಡುತ್ತಾ, ನಡುವೆ ತನ್ನ ಹಳೇ ಸಂಕಟ ತೆಗೆಯುತ್ತಾನೆ: ‘ಸರ್ಕಲ್‌ನಲ್ಲೇ ಇಳಿಸಿ ಐವತ್ತು ಜಾಸ್ತಿ ಕಿತ್ಕೊಂಡ ಅವನು, ನಡೆದು ನಡೆದು ಕಾಲು ಬಿದ್ದುಹೋಯ್ತು.’ ಅಜ್ಜಿ ಮೆಲ್ಲಗೆ ತಿರುಗಿ ಕೇಳುತ್ತಾರೆ: ‘ಅಳಿಯಂದ್ರೇ, ನಿಮ್ಮ ಆಟೋ ಮಾತ್ರ ಗೇಟಿನ ತನಕ ಹೇಗೆ ಬಂತು?’

ಇಷ್ಟು ಆಗಬೇಕಾದರೆ ಬರವಣಿಗೆಗೆ ಮೊದಲು ಮೂರು ಹಾಳೆ ಬೇಕು. ಮೊದಲನೆಯದು ಕೃತ್ಯದ ಹಾಳೆ. ಕಳ್ಳತನಕ್ಕೆ 24 ಗಂಟೆ ಮುಂಚಿನಿಂದ 24 ಗಂಟೆ ನಂತರದವರೆಗೆ ಪ್ರತಿಯೊಬ್ಬರೂ ಎಲ್ಲಿದ್ದರು, ಯಾವ ಬಾಗಿಲಿನಿಂದ ಬಂದರು, ಕೈಯಲ್ಲಿ ಏನಿತ್ತು. ಇದರಲ್ಲಿ ಒಂದೂ ಜೋಕ್ ಇರಕೂಡದು. ಎರಡನೆಯದು ಪತ್ತೇದಾರನ ತಪ್ಪು ಲೆಕ್ಕದ ಹಾಳೆ. ಮೂರನೆಯದರಲ್ಲಿ ಪ್ರತಿ ಸುಳಿವು ಯಾವ ದೃಶ್ಯದಲ್ಲಿ, ಯಾವುದರ ಮರೆಯಲ್ಲಿ ತೆರೆಗೆ ಬರುತ್ತದೆ ಎಂಬ ಲೆಕ್ಕ. ಸುಳಿವು ಮೂರು ಸಲ ಬರಬೇಕು: ಮೊದಲು ನಗುವಿನಲ್ಲಿ, ಆಮೇಲೆ ಬೇರೇನೋ ಮಾತಿನ ನಡುವೆ, ಕೊನೆಗೆ ಬಯಲಾಗುವಾಗ. ಎರಡನೇ ಸಲವನ್ನು ಬಿಟ್ಟುಬಿಡುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಆಗ ಕ್ಲೈಮ್ಯಾಕ್ಸ್ ಬರುವಷ್ಟರಲ್ಲಿ ಪ್ರೇಕ್ಷಕ ಮೊದಲನೆಯದನ್ನು ಪೂರ್ತಿ ಮರೆತಿರುತ್ತಾನೆ, ‘ಇದೆಲ್ಲಿಂದ ಬಂತು’ ಅನ್ನುತ್ತಾನೆ. ಅನುಮಾನದ ಪಟ್ಟಿಯಲ್ಲಿ ಐದಾರು ಜನ ಸಾಕು. ಎರಡೂಕಾಲು ಗಂಟೆಯ ಸಿನಿಮಾದಲ್ಲಿ ಏಳನೆಯವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಎರಡನೇ ಹಾಳೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಸಿನಿಮಾದ ಜೀವ ಇರುವುದು ಅಲ್ಲೇ. ಪೆದ್ದ ಅಂದರೆ ಬುದ್ಧಿಯೇ ಇಲ್ಲದವನು ಅಂತ ಬರೆದರೆ ಹದಿನೈದು ನಿಮಿಷಕ್ಕೆ ಬೇಸರ ಬರುತ್ತದೆ. ಅವನಿಗೂ ತರ್ಕ ಇದೆ, ಆದರೆ ಬುನಾದಿಯ ಇಟ್ಟಿಗೆ ಒಂದು ಸೊಟ್ಟ. ಈ ಕೇಸಿನಲ್ಲಿ ಅವನ ಅನುಮಾನ ಮಹಡಿ ಮೇಲೆ ಬಾಡಿಗೆಗಿರುವ ಹುಡುಗನ ಮೇಲೆ. ಕಾರಣ: ‘ಬಸವನಗುಡಿಯಲ್ಲಿದ್ದೂ ಪರಿಷೆಗೆ ಹೋಗಿಲ್ಲ. ಅಂದರೆ ಹೋಗಬಾರದ ಕಾರಣ ಇದೆ.’ ಇಲ್ಲಿಂದ ಮುಂದೆ ಅವನು ಇಡುವ ಪ್ರತಿ ಹೆಜ್ಜೆಯೂ ತರ್ಕಬದ್ಧವಾಗಿಯೇ ಇರಬೇಕು. ಹುಡುಗನ ಕಸದಬುಟ್ಟಿಯಲ್ಲಿ ಒಂದೂ ಕಡಲೆಕಾಯಿ ಸಿಪ್ಪೆ ಸಿಗದಿರುವುದನ್ನೇ ಸಾಕ್ಷ್ಯ ಎಂದು ಕವರಿನಲ್ಲಿ ಸೀಲ್ ಮಾಡುತ್ತಾನೆ, ಖಾಲಿ ಕವರನ್ನೇ.

ಪೀಟರ್ ಸೆಲ್ಲರ್ಸ್ ಮಾಡಿದ ಇನ್‌ಸ್ಪೆಕ್ಟರ್ ಕ್ಲೂಸೋ ಇವತ್ತಿಗೂ ಈ ಜಾತಿಯ ಪಾತ್ರಗಳಿಗೆ ಅಳತೆಗೋಲು. ಬ್ಲೇಕ್ ಎಡ್ವರ್ಡ್ಸ್ ನಿರ್ದೇಶಿಸಿದ 1963ರ ‘ದ ಪಿಂಕ್ ಪ್ಯಾಂಥರ್’ನಲ್ಲಿ ಆ ಪಾತ್ರ ಮೊದಲು ಪೀಟರ್ ಉಸ್ತಿನೋವ್‌ಗೆ ಅಂತ ಇತ್ತು, ಅವರು ಬಿಟ್ಟ ಮೇಲೆ ಸೆಲ್ಲರ್ಸ್ ಬಂದರು. ಮರುವರ್ಷ ಬಂದ ‘ಎ ಶಾಟ್ ಇನ್ ದ ಡಾರ್ಕ್’ ಮೂಲದಲ್ಲಿ ಒಂದು ರಂಗನಾಟಕ, ಅದರಲ್ಲಿ ಕ್ಲೂಸೋ ಇರಲೇ ಇಲ್ಲ. ಎಡ್ವರ್ಡ್ಸ್ ಮತ್ತು ವಿಲಿಯಂ ಪೀಟರ್ ಬ್ಲಾಟಿ ಸೇರಿ, ಮೊದಲೇ ಗಟ್ಟಿಯಾಗಿದ್ದ ಒಂದು ಕೊಲೆ ಕೇಸಿನೊಳಗೆ ಅವನನ್ನು ತಂದು ನಿಲ್ಲಿಸಿದರು. ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದಿಲ್ಲ: ಕೇಸು ಮೊದಲಿತ್ತು, ಪೆದ್ದ ಆಮೇಲೆ ಬಂದ. ಆ ಚಿತ್ರದಲ್ಲಿ ಸಾಕ್ಷ್ಯಗಳೆಲ್ಲ ಮನೆಗೆಲಸದ ಹುಡುಗಿಯ ಕಡೆ ಬೆರಳು ತೋರಿಸುತ್ತಿದ್ದರೂ ಕ್ಲೂಸೋ ಅವಳು ನಿರಪರಾಧಿ ಅನ್ನುತ್ತಾನೆ. ಕಾರಣ, ಅವಳ ಮೇಲೆ ಅವನಿಗೆ ಮನಸ್ಸಾಗಿದೆ. ಕಾರಣ ತಪ್ಪು, ಆದರೂ ಅವನ ಮಾತು ನಿಜ! ಎಷ್ಟು ಸಲ ಎಡವಿದರೂ ಅವನ ಗತ್ತು ಕಡಿಮೆಯಾಗುವುದಿಲ್ಲ. ಬಿದ್ದವನು ಎದ್ದು, ಕೋಟು ಸರಿಮಾಡಿಕೊಂಡು, ಬೀಳಬೇಕೆಂದೇ ಬಿದ್ದೆ ಅನ್ನುವಂತೆ ಪ್ರಶ್ನೆ ಮುಂದುವರಿಸುತ್ತಾನೆ. ನಗು ಬರುವುದು ಬಿದ್ದಾಗ ಅರ್ಧ, ಎದ್ದಾಗ ಇನ್ನರ್ಧ. ನಮ್ಮಲ್ಲಿ ಆ ಎದ್ದ ಅರ್ಧವನ್ನು ಎಡಿಟಿಂಗ್‌ನಲ್ಲಿ ಕತ್ತರಿಸುತ್ತಾರೆ. ಬಿದ್ದ ತಕ್ಷಣ ಪಕ್ಕದವನ ನಗುಮುಖಕ್ಕೆ ಕಟ್, ಜೊತೆಗೆ ಒಂದು ‘ಟೊಂಯ್’ ಸದ್ದು. ತೆರೆಯ ಮೇಲೆ ಇನ್ನೊಬ್ಬ ನಕ್ಕುಬಿಟ್ಟರೆ ನೋಡುವವನಿಗೆ ನಗುವ ಕೆಲಸ ಉಳಿಯುವುದಿಲ್ಲ.

ಸಂಗೀತಕ್ಕೂ ಇದೇ ಮಾತು. ಹೆನ್ರಿ ಮ್ಯಾನ್ಸಿನಿ ‘ದ ಪಿಂಕ್ ಪ್ಯಾಂಥರ್’ಗೆ ಕೊಟ್ಟ ಸ್ಯಾಕ್ಸೋಫೋನ್ ಧುನ್ ಕೇಳಿ ನೋಡಿ, ಅದು ನಗಿಸಲು ಒದ್ದಾಡುವುದಿಲ್ಲ. ಬೆಕ್ಕಿನ ಹೆಜ್ಜೆಯಲ್ಲಿ ಗಂಭೀರವಾಗಿ ಹಿಂಬಾಲಿಸುತ್ತದೆ. ಲೆಸ್ಲಿ ನೀಲ್ಸನ್ ‘ಪೊಲೀಸ್ ಸ್ಕ್ವಾಡ್’ ಸರಣಿಯಲ್ಲಿ (1982, ಆರೇ ಕಂತು) ಮತ್ತು ‘ದ ನೇಕೆಡ್ ಗನ್’ನಲ್ಲಿ (1988) ಮಾಡಿದ್ದೂ ಅದನ್ನೇ. ಅವರು ಅಲ್ಲಿಯವರೆಗೆ ಬಹುಪಾಲು ಗಂಭೀರ ಪಾತ್ರಗಳ ನಟ, ಕಾಮಿಡಿಗೂ ಅದೇ ಮುಖ, ಅದೇ ದನಿ ತಂದರು. ಹಾಗಾಗಿ ಈ ಪಾತ್ರಕ್ಕೆ ಕಾಮಿಡಿ ಸ್ಟಾರ್ ಹುಡುಕುವ ಮೊದಲು ರಂಗಶಂಕರದಲ್ಲೋ ರವೀಂದ್ರ ಕಲಾಕ್ಷೇತ್ರದಲ್ಲೋ ದುರಂತ ನಾಟಕ ಆಡುವವರನ್ನು ಹೋಗಿ ನೋಡುವುದು ಒಳ್ಳೆಯದು.

ಭಾಷೆ. ಮಂಡ್ಯ, ಧಾರವಾಡ, ಮಂಗಳೂರಿನ ಕನ್ನಡವನ್ನು ಪೆದ್ದನ ಬಾಯಿಗೆ ಹಾಕಿ ನಗಿಸುವುದನ್ನು ದಯವಿಟ್ಟು ನಿಲ್ಲಿಸಬೇಕು. ಅದು ಪಾತ್ರದ ತಪ್ಪನ್ನು ಒಂದು ಊರಿನ ತಲೆಗೆ ಕಟ್ಟುವ ಕೆಲಸ. ನಮಗೆ ಅದಕ್ಕಿಂತ ಸಮೃದ್ಧವಾದ ಗಣಿ ಇದೆ, ಠಾಣೆಯ ಮಹಜರಿನ ಕನ್ನಡ. ‘ಸದರಿ’, ‘ಖುದ್ದು’, ‘ಪಂಚರ ಸಮಕ್ಷಮ’, ‘ಸ್ವತ್ತು’, ‘ಮೇಲ್ಕಂಡ’. ನಮ್ಮ ಪತ್ತೇದಾರ ದರ್ಶಿನಿಯಲ್ಲಿ ನಿಂತು ‘ಸದರಿ ಬೈಟು ಕಾಫಿಯನ್ನು ಮೇಲ್ಕಂಡ ಇಬ್ಬರ ಸಮಕ್ಷಮ ಸಮನಾಗಿ ವಿಭಾಗಿಸತಕ್ಕದ್ದು’ ಎಂದರೆ, ಯಾರನ್ನೂ ಹೀಯಾಳಿಸದೆ ಅವನ ಇಡೀ ಸ್ವಭಾವ ಗೊತ್ತಾಗುತ್ತದೆ. ರಾಜ್‌ಕುಮಾರ್ ಸಿ.ಐ.ಡಿ. 999 ಆಗಿದ್ದ ‘ಜೇಡರ ಬಲೆ’ (1968) ನೋಡಿ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದಿ ಬೆಳೆದು, ತಾನೇ ಸಿ.ಐ.ಡಿ. 999 ಎಂದು ನಂಬಿದವನು ಹೀಗೇ ಮಾತಾಡುತ್ತಾನೆ.

ಇನ್ನು ಕಾನೂನು. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರನಿಗೆ ಪೊಲೀಸರ ಯಾವ ಅಧಿಕಾರವೂ ಇಲ್ಲ. ಅವರಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾನೂನಾಗಲಿಲ್ಲ. ಬೇರೆಯವರ ಮನೆ ಜಾಲಾಡುವುದು, ಫೋನ್ ಕರೆಗಳ ದಾಖಲೆ ತೆಗೆಸುವುದು ಅವನಿಗೆ ಸಾಧ್ಯವೇ ಇಲ್ಲ, ಕದ್ದು ತೆಗೆಸಿದರೆ ಅವನೇ ಆರೋಪಿ. ಹೊಟ್ಟೆಪಾಡು ನಡೆಯುವುದು ಮದುವೆಗೆ ಮುಂಚಿನ ವಿಚಾರಣೆ, ಕೆಲಸಕ್ಕೆ ಸೇರುವವರ ಹಿನ್ನೆಲೆ ತಪಾಸಣೆ ಇಂಥವುಗಳಿಂದ. ಇದನ್ನು ಮರೆತು, ಇನ್‌ಸ್ಪೆಕ್ಟರ್‌ಗೇ ಆರ್ಡರ್ ಮಾಡುವ ಪತ್ತೇದಾರನನ್ನು ತೋರಿಸಿದರೆ ಕಾಮಿಡಿಗೆ ಬೇಕಾದ ಅಡ್ಡಿಗಳೆಲ್ಲ ಮಾಯವಾಗುತ್ತವೆ. ಅಡ್ಡಿ ಇದ್ದರೆ ತಾನೇ ಎಡವುವುದು?

‘ಕಾಲ ಬದಲಾಗಿದೆ, ಸಿಸಿಟಿವಿ ಇರುವಾಗ ಪತ್ತೇದಾರಿ ಎಲ್ಲಿ’ ಅನ್ನುವವರಿದ್ದಾರೆ. ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’ (2019) ಕಥೆಯನ್ನು ಎಂಬತ್ತರ ದಶಕಕ್ಕೆ ಒಯ್ದು, ಪತ್ತೇದಾರಿ ಹುಚ್ಚಿನ ಕಾನ್‌ಸ್ಟೆಬಲ್‌ನ ಕೈಗೆ ಠಾಣೆಯಲ್ಲೇ ಆಗುವ ಕಳವಿನ ಕೇಸು ಕೊಟ್ಟಿತು. ಸೊಗಸಾದ ದಾರಿ. ಆದರೆ ಇವತ್ತಿನ ಕಾಲದಲ್ಲೂ ಜಾಗ ಇದೆ. ಮನೆ, ಅಂಗಡಿಯ ಡಿವಿಆರ್‌ಗಳ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆಗಳ) ಗಡಿಯಾರ ಹತ್ತಿಪ್ಪತ್ತು ನಿಮಿಷ ಹಿಂದುಮುಂದು ಇರುವುದು ತೀರಾ ಸಾಮಾನ್ಯ. ಕರೆಂಟ್ ಹೋಗಿಬಂದಾಗ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ತಾರೀಖೇ ಬದಲಾಗಿರುತ್ತದೆ. ಬಲ್ಲ ತನಿಖಾಧಿಕಾರಿ ಮೊದಲು ಮಾಡುವುದು ತೆರೆಯ ಮೇಲಿನ ಸಮಯವನ್ನೂ ನಿಜವಾದ ಸಮಯವನ್ನೂ ಅಕ್ಕಪಕ್ಕ ಬರೆದುಕೊಳ್ಳುವುದು. ನಮ್ಮವನು ಅದನ್ನು ಮಾಡುವುದಿಲ್ಲ, ಹಾಗಾಗಿ ಇಪ್ಪತ್ತು ನಿಮಿಷದ ತಪ್ಪಿನ ಮೇಲೆ ಇಡೀ ಅರಮನೆ ಕಟ್ಟುತ್ತಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧನೆ, ಜಪ್ತಿಯನ್ನು ವಿಡಿಯೋ ಮಾಡಬೇಕು, ಮೊಬೈಲ್‌ನಲ್ಲಾದರೂ ಸರಿ. ಚಿತ್ರಕಥೆಗೆ ಇದೊಂದು ವರ. ಹೆಡ್ ಕಾನ್‌ಸ್ಟೆಬಲ್ ಮಹಜರನ್ನು ಚಿತ್ರೀಕರಿಸುವಾಗ ಇವನು ಪದೇ ಪದೇ ಅಡ್ಡ ಬರುತ್ತಾನೆ, ಎಲ್ಲರೂ ನಗುತ್ತಾರೆ. ಅದೇ ವಿಡಿಯೋದ ಮೂಲೆಯಲ್ಲಿ, ಹಿತ್ತಲ ಬಾಗಿಲ ಬಳಿ ಅಳಿಯನ ಚಪ್ಪಲಿ ಇದೆ. ಮುಂಬಾಗಿಲಿನಿಂದ ಬಂದವನ ಚಪ್ಪಲಿ ಅಲ್ಲಿಗೆ ಹೇಗೆ ಹೋಯಿತು? ಎರಡನೇ ಸಲದ ಸುಳಿವಿಗೆ ಬೇರೆ ಜಾಗ ಹುಡುಕಬೇಕಿಲ್ಲ.

ಬೆರಳಚ್ಚಿನ ದೃಶ್ಯ ಬರೆಯುವವರು ಒಂದು ವಿಷಯ ತಿಳಿದಿರಬೇಕು. ಗುರುತು ಎತ್ತುವ ಪುಡಿ ಕೆಲಸ ಮಾಡುವುದು ಸ್ಟೀಲ್ ಬೀರು, ಗಾಜಿನಂಥ ನುಣುಪು ಮೈಯ ಮೇಲೆ, ಅದೂ ಮೃದು ಬ್ರಷ್‌ನ ತುದಿಯಲ್ಲಿ ಚಿಟಿಕೆಯಷ್ಟು. ಕಾಗದಕ್ಕೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಬೇಕು, ಗುರುತು ನೇರಳೆ ಬಣ್ಣಕ್ಕೆ ಏಳುತ್ತದೆ. ಪುಡಿ ಜಾಸ್ತಿಯಾದರೆ ಗೆರೆಗಳ ನಡುವಿನ ಸಂದು ತುಂಬಿ ಗುರುತೇ ಹಾಳಾಗುತ್ತದೆ. ಡಬ್ಬಿ ಸುರಿಯುವ ಪೆದ್ದ ನಗಿಸುವುದರ ಜೊತೆಗೆ ಕೇಸನ್ನೂ ನಿಜವಾಗಿ ಕೆಡಿಸುತ್ತಿದ್ದಾನೆ ಅನ್ನುವುದು ಪ್ರೇಕ್ಷಕನಿಗೆ ಗೊತ್ತಾದರೆ ನಗುವಿಗೆ ತೂಕ ಬರುತ್ತದೆ. ಅವನ ಕೆಮ್ಮಿಗೆ ಹಾರಿದ ಪುಡಿ ಅಳಿಯನ ಕರಿ ಪ್ಯಾಂಟಿನ ಮೇಲೆ ಕೂರುವುದಾದರಂತೂ ಇನ್ನೂ ಒಳ್ಳೆಯದು.

ಶೂಟಿಂಗ್ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಬೀಳುವ ದೃಶ್ಯಕ್ಕೆ ತಲೆಯಿಂದ ಕಾಲಿನವರೆಗೆ ಕಾಣುವ ವೈಡ್ ಶಾಟ್, ಒಂದೇ ಟೇಕ್. ಮೂಕಿ ಚಿತ್ರಗಳ ಬಸ್ಟರ್ ಕೀಟನ್ ‘ಶರ್ಲಾಕ್ ಜೂನಿಯರ್’ನಲ್ಲಿ (1924) ಅನುಮಾನಿತನ ಬೆನ್ನಿಗೆ ಅಂಟಿಕೊಂಡಂತೆ, ಹೆಜ್ಜೆಗೆ ಹೆಜ್ಜೆ ಹಾಕಿ ಹಿಂಬಾಲಿಸುವುದು ನಗು ತರಿಸುವುದು ಇಬ್ಬರ ಕಾಲುಗಳೂ ಒಟ್ಟಿಗೆ ಕಾಣುವುದರಿಂದ. ಅದೇ ಚಿತ್ರದಲ್ಲಿ ರೈಲ್ವೆಯ ನೀರಿನ ಕೊಳವೆಯ ರಭಸಕ್ಕೆ ಬಿದ್ದು ಅವರ ಕತ್ತಿನ ಮೂಳೆ ಮುರಿದಿತ್ತು, ಗೊತ್ತಾದದ್ದು ವರ್ಷಗಳ ನಂತರ. ಆದ್ದರಿಂದ ಮೊಣಕಾಲಿಗೆ ಪ್ಯಾಡ್, ಜಮಖಾನದ ಕೆಳಗೆ ಮ್ಯಾಟ್, ಅರ್ಧ ವೇಗದಲ್ಲಿ ಐದಾರು ರಿಹರ್ಸಲ್, ಇದರಲ್ಲಿ ರಾಜಿ ಬೇಡ. ಒಂದೇ ಥರದ ಕೋಟು ಕನಿಷ್ಠ ನಾಲ್ಕು ಹೊಲಿಸಿಡಿ, ಶಾಯಿ ಚೆಲ್ಲಿದ ಮೇಲೆ ಎರಡನೇ ಟೇಕ್‌ಗೆ ಕಾಯುವಂತಾಗಬಾರದು. ಒಡೆಯುವ ಗಾಜನ್ನು ಸಕ್ಕರೆ ಪಾಕದಿಂದ ಮಾಡಿದರೆ ಮಳೆಗಾಲದ ತೇವಕ್ಕೆ ಅಂಟಂಟಾಗಿ ಬಾಗುತ್ತದೆ, ರೆಸಿನ್‌ನದು ವಾಸಿ. ಡಬ್ಬಿಂಗ್‌ನಲ್ಲಿ ಮೌನ ಇದ್ದಲ್ಲೆಲ್ಲ ‘ಅಯ್ಯಯ್ಯೋ’, ‘ಸತ್ತೆ ಕಣೋ’ ತುಂಬುವ ಚಟವನ್ನು ನಿರ್ದೇಶಕರು ಖುದ್ದಾಗಿ ಕೂತು ತಡೆಯಬೇಕು. ಬೀಳುವ ಮುಂಚಿನ ಅರ್ಧ ಸೆಕೆಂಡ್ ಮೌನ ಹೋದರೆ ಆ ದೃಶ್ಯ ಹೋದಂತೆಯೇ.

ಸ್ಕ್ರಿಪ್ಟ್ ಕೈಗೆ ಬಂದಾಗ ಮಾಡಬೇಕಾದ ಪರೀಕ್ಷೆ ಒಂದಿದೆ. ನಗು ಬರುವ ದೃಶ್ಯಗಳನ್ನೆಲ್ಲ ಪಕ್ಕಕ್ಕೆ ತೆಗೆದಿಟ್ಟು, ಉಳಿದ ಹಾಳೆಗಳನ್ನಷ್ಟೇ ಕಥೆ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಅವರು ಕೇಸು ಬಿಡಿಸಿಬಿಟ್ಟರೆ ಕಾಮಿಡಿ ಹೊರಗಿನಿಂದ ತಂದು ಅಂಟಿಸಿದ್ದು, ಮತ್ತೆ ಬರೆಯಬೇಕು. ಆಟೋದವರ ಜಗಳದ ಹಾಳೆ ಇಲ್ಲದಿದ್ದರೆ ಅಜ್ಜಿಯ ಪ್ರಶ್ನೆಗೆ ಆಧಾರವೇ ಇಲ್ಲ. ಅಳಿಯ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಕಾಸಿನ ಸರ ಜೇಬಿನಲ್ಲಿಟ್ಟುಕೊಂಡೇ ಜಯನಗರಕ್ಕೆ ಹೊರಡುತ್ತಾನೆ.