ಕಾಡಂಚಿನ ಬೆಂಕಿ: ಕಾವಲು ಊರಿನವರ ಕೈಗೆ ಕೊಡಬೇಕೆ?

ಪರ

ಶಿವರಾತ್ರಿ ಕಳೆಯುವಷ್ಟರಲ್ಲಿ ಬನ್ನೇರುಘಟ್ಟದ ಅಂಚಿನ ಹುಲ್ಲು ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಆಗ ಏಳುವ ಹೊಗೆಯನ್ನು ಮೊದಲು ಕಾಣುವವನು ಮೇಕೆ ಮೇಯಿಸುವವನು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಮೊಬೈಲಿಗೆ ಕಳಿಸುವ ಬೆಂಕಿ ಸಂದೇಶ ಒಳ್ಳೆಯದೇ. ಆದರೆ ಅದಕ್ಕೆ ಆಧಾರವಾದ ಉಪಗ್ರಹದ ಕಣ್ಣಿಗೆ ಒಂದು ಚುಕ್ಕೆಯೆಂದರೆ 375 ಮೀಟರ್ ಅಗಲದ ನೆಲ. ಅದೂ ದಿನಕ್ಕೆ ಕೆಲವೇ ಸಲ, ಉಪಗ್ರಹ ಮೇಲೆ ಹಾದಾಗ. ಮೇಕೆಯವನಾದರೋ ಹೊಗೆ ಹಳ್ಳದ ಯಾವ ಮಗ್ಗುಲಲ್ಲಿದೆ, ಗಾಳಿ ಎತ್ತ ತಿರುಗಿದೆ, ಜೀಪು ಎಲ್ಲಿಯವರೆಗೆ ಹೋದೀತು ಎಂಬುದನ್ನೂ ಹೇಳಬಲ್ಲ.

ಬೆಂಕಿಯ ಬಗ್ಗೆ ಇಂಥವರ ತಿಳಿವಳಿಕೆ ಆರಿಸುವುದಕ್ಕಷ್ಟೇ ಸೀಮಿತವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದೇ ಹೆಸರು. ಅದು ನಿಂತ ಮೇಲೆ ಲಂಟಾನ ಹಬ್ಬಿತು ಎನ್ನುತ್ತಾರೆ ಅವರು. ಲಂಟಾನ ಪೊದೆಯೆಂದರೆ ನೆಲದ ಬೆಂಕಿ ಮರದ ಕೊಂಬೆಗೆ ಹತ್ತಲು ಹಾಕಿಕೊಟ್ಟ ಏಣಿ. ಇಲಾಖೆ ಬೇಸಿಗೆಯಲ್ಲಿ ಊರಿನವರನ್ನೇ ಕಾವಲಿಗೆ ಕರೆಯುತ್ತದೆ, ನಿಜ. ಬೆಂಕಿ ದಾಟದಂತೆ ಹುಲ್ಲು-ತರಗು ತೆಗೆದು ಮಾಡುವ ಬೆಂಕಿ ರೇಖೆ ಎಲ್ಲಿ ಎಳೆಯಬೇಕೆಂದೂ ಅವರನ್ನೇ ಕೇಳಲಿ.

ವಿರೋಧ

ಮೇಲಿನ ವಾದದಲ್ಲಿ ನನಗೆ ಹಿಡಿಸಿದವನು ಆ ಮೇಕೆಯವನೇ. ತೊಂದರೆಯೆಂದರೆ, ಬೆಂಗಳೂರಿನ ಅಂಚಿನಲ್ಲಿ ಅವನಿಗಿಂತ ಬಡಾವಣೆಯವರೇ ಹೆಚ್ಚಾಗುತ್ತಿದ್ದಾರೆ. ತುರಹಳ್ಳಿ ಕಾಡಿಗೆ ಬೆಂಕಿ ಬಿದ್ದಾಗ ವಾಟ್ಸ್ಯಾಪ್ ನೋಡಿ ಓಡಿಬರುವವರ ಕಾಳಜಿ ದೊಡ್ಡದು. ಮೈಮೇಲೆ ಮಾತ್ರ ಪಾಲಿಯೆಸ್ಟರ್ ಅಂಗಿ. ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೇ ಅಂಟುತ್ತದೆ. ಹಸಿ ಸೊಪ್ಪಿನಿಂದ ಬಡಿಯುವುದು ನೋಡಲು ಸುಲಭ. ಎತ್ತೆತ್ತಿ ಬಡಿದರೆ ಕಿಡಿ ಹಾರಿ ಒಣಹುಲ್ಲಿಗೆ ಬೀಳುತ್ತದೆ. ಉರಿಯ ಮೇಲೆ ಒತ್ತಿ ಹಿಡಿದು ಉಸಿರು ಕಟ್ಟಿಸಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿಗೆ ಬಲಿಯಾದವನು ಒಬ್ಬ ಅರಣ್ಯ ರಕ್ಷಕ. ಕಾಡೇ ಕೆಲಸವಾಗಿದ್ದವನ ಗತಿ ಅದು.

ದೊಡ್ಡ ಬೆಂಕಿಗೆ ಊರೊಟ್ಟು ಸಾಲದು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿಕೊಂಡಾಗ ಸುತ್ತಮುತ್ತ ಕಾಳಜಿಯುಳ್ಳ ನಿವಾಸಿಗಳಿಗೇನೂ ಬರವಿರಲಿಲ್ಲ. ಆರಿಸಲು ಸೇನೆಯ ಯೋಧರೂ ಬರಬೇಕಾಯಿತು. ಮರುವರ್ಷ ಬಂಡೀಪುರಕ್ಕೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು.

ಊರಿನವರು ಹೊಗೆ ತೋರಿಸಲಿ, ದಾರಿ ತೋರಿಸಲಿ. ಅವರಿಗೆ ಕೂಲಿ, ವಿಮೆ, ಚರ್ಮದ ಬೂಟು ಕೊಡುವ ಹೊಣೆ ಇಲಾಖೆಯದೇ ಆಗಿರಲಿ. 'ಸಮುದಾಯದ ಜವಾಬ್ದಾರಿ' ಎಂದು ಕಡತದಲ್ಲಿ ಬರೆದ ಮರುವರ್ಷವೇ ಬೆಂಕಿ ಕಾವಲಿನ ಹಣಕ್ಕೆ ಕತ್ತರಿ ಬೀಳುತ್ತದೆಂಬ ಭಯ ನನ್ನದು.